ರೇನ್‌ಕೋಟು ಹೊಲಿದ ಮಳೆಗಾಲ

ಈ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ತಂಗಿಯ ಮಗಳಿಗೆ ಒಂದು ರೇನ್‌ಕೋಟು ಕೊಂಡೆ. ಹಳದಿ ಬಣ್ಣದ್ದು, ಟೋಪಿಯನ್ನು ಜೊತೆಗೇ ಸೇರಿಸಿ ಹೊಲಿದದ್ದು. ಮನೆಗೆ ತಂದು ಮಗುಚಿ ನೋಡಿದರೆ ತೋಳಿನ ಒಳಭಾಗದಲ್ಲಿ ಹೊಲಿಗೆಯ ಮೇಲೆ ಅಂಟಿಸಿದ ಪಟ್ಟಿ ಒಂದು ಗೇಣಿನಷ್ಟು ಬಿಟ್ಟುಕೊಂಡಿತ್ತು. ಆ ಪಟ್ಟಿ ಬಿಟ್ಟರೆ ಸೂಜಿಯ ತೂತುಗಳಿಂದ ನೀರು ಒಳಗೆ ಬರುತ್ತದೆ. ಅಂಗಡಿಗೆ ಮತ್ತೆ ಹೋಗಲು ಬೇಜಾರಾಗಿ, ಮೇಲೊಂದು ಹತ್ತಿ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆಯನ್ನು ಮೆಲ್ಲಗೆ ಒತ್ತಿದೆ. ಪಟ್ಟಿ ಕೂತುಕೊಂಡಿತು, ಜೊತೆಗೆ ವಾಸನೆಯೂ ಎದ್ದಿತು. ಸುಟ್ಟ ರಬ್ಬರಿನಂಥ, ಹಳೇ ಗೋಂದಿನಂಥ, ಗಂಟಲ ಹಿಂದೆ ಹೋಗಿ ಕೂರುವ ವಾಸನೆ.

"ಏನಕ್ಕಾ ಅದು, ಏನ್ ಸುಡ್ತಿದ್ದೀಯ?" ಎಂದು ತಂಗಿ ಅಡುಗೆಮನೆಯಿಂದ ಕೂಗಿದಳು.

ಏನೂ ಇಲ್ಲ ಎಂದೆ. ಆದರೆ ಆ ವಾಸನೆಯಲ್ಲಿ ನಾನು ಒಂದಿಡೀ ಮಳೆಗಾಲ ಕಳೆದಿದ್ದೆ. ಅದನ್ನು ಯಾರಿಗೂ ಪೂರ್ತಿಯಾಗಿ ಹೇಳಿರಲಿಲ್ಲ.

ಆಗ ನನಗೆ ಇಪ್ಪತ್ತೇಳು ವಯಸ್ಸು. ಮೈಸೂರಿನಲ್ಲಿ ಎಂ.ಎಸ್.ಡಬ್ಲ್ಯೂ. ಮುಗಿಸಿ, ನಂಜನಗೂಡಿನ ಹೊರಗಿದ್ದ ಒಂದು ಗಾರ್ಮೆಂಟ್ ಫ್ಯಾಕ್ಟರಿಗೆ ಒಂದು ವರ್ಷದ ಕರಾರಿನ ಮೇಲೆ ವೆಲ್‌ಫೇರ್ ಆಫೀಸರ್ ಆಗಿ ಸೇರಿದ್ದೆ. ಅಲ್ಲಿ ಮಕ್ಕಳ ರೇನ್‌ಕೋಟು ಹೊಲಿಯುತ್ತಿದ್ದರು. ಎಲ್ಲವೂ ಯುರೋಪಿನ ಒಂದೇ ಒಂದು ದೊಡ್ಡ ಕಂಪನಿಗೆ. ಕ್ಯಾಂಟೀನಿನ ಸಾಂಬಾರು, ಶೌಚಾಲಯದ ನೀರು, ಎಳೆಮಕ್ಕಳ ಕೋಣೆಯ ತೊಟ್ಟಿಲು, ಹೆಂಗಸರ ಜ್ವರ, ಸೂಪರ್‌ವೈಸರುಗಳ ಬೈಗುಳ ಇವೆಲ್ಲ ನನ್ನ ಪಾಲಿಗೆ. ಇದರ ಜೊತೆಗೆ ಆ ವಿದೇಶಿ ಕಂಪನಿಯ ನಿಯಮಾವಳಿಯನ್ನು ಕಾಯುವುದೂ ನನ್ನದೇ ಕೆಲಸ. ಅದನ್ನು ಕನ್ನಡಕ್ಕೆ ಮಾಡಿಸಿ, ಗಾಜು ಹಾಕಿಸಿ, ಹೊಲಿಗೆಯ ಪ್ರತಿ ಹಾಲಿನ ಬಾಗಿಲ ಪಕ್ಕ ನೇತುಹಾಕಿದ್ದರು. ಯಾರನ್ನೂ ಬಲವಂತವಾಗಿ ಹೆಚ್ಚು ಹೊತ್ತು ದುಡಿಸಬಾರದು, ತುರ್ತು ಬಾಗಿಲಿಗೆ ಏನನ್ನೂ ಅಡ್ಡ ಇಡಬಾರದು, ಕಂಪನಿ ಒಪ್ಪಿದ ಕಟ್ಟಡ ಬಿಟ್ಟು ಬೇರೆಲ್ಲೂ ಒಂದು ಗುಂಡಿಯನ್ನೂ ಹೊಲಿಯಬಾರದು. ಹೀಗೆ ಎರಡು ಪುಟ. ಅದನ್ನು ನಿಂತು ಓದುತ್ತಿದ್ದವಳು ನಾನೊಬ್ಬಳೇ ಇರಬೇಕು.

ಫ್ಯಾಕ್ಟರಿಯ ಜನರಲ್ ಮ್ಯಾನೇಜರ್ ರಾಜಶೇಖರ್. ಐವತ್ತು ದಾಟಿದವರು, ಹಣೆಯಲ್ಲಿ ವಿಭೂತಿ, ಕತ್ತಿನಲ್ಲಿ ಯಾವಾಗಲೂ ಅಳತೆಯ ಟೇಪು. ಹುಲ್ಲಹಳ್ಳಿ ಕಡೆಯ ರೈತರ ಮನೆಯವರು, ಮಠದ ಹಾಸ್ಟೆಲಿನಲ್ಲಿದ್ದು ಓದಿ, ಬೆಂಗಳೂರಿನಲ್ಲಿ ಬಟ್ಟೆ ಕತ್ತರಿಸುವ ಕೆಲಸದಿಂದ ಶುರುಮಾಡಿ ಈ ಕುರ್ಚಿಗೆ ಬಂದಿದ್ದರು. ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ಅದು ಯಾವ ಮಿಲ್ಲಿನದು ಎಂದು ಹೇಳುತ್ತಿದ್ದರು. ಯಾರನ್ನೂ ಏಕವಚನದಲ್ಲಿ ಕರೆಯುತ್ತಿರಲಿಲ್ಲ, ಗೇಟಿನ ವಾಚ್‌ಮನ್ನನನ್ನೂ. ನನಗೆ ಅವರ ಮೇಲೆ ಗೌರವವಿತ್ತು. ಈಗಲೂ ಇದೆ.

ಈ ಉದ್ಯಮದ ಒಳಗುಟ್ಟನ್ನು ನನಗೆ ಮೊದಲು ಬಿಡಿಸಿ ಹೇಳಿದವರೂ ಅವರೇ. ಜೂನ್ ತಿಂಗಳ ಒಂದು ಮಧ್ಯಾಹ್ನ, ಬಣ್ಣ ಬಣ್ಣದ ಬಟ್ಟೆಯ ತುಣುಕುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಆ ಆರ್ಡರಿನ ಬಣ್ಣ ಯಾವುದೆಂದು ವಿದೇಶದಿಂದ ಇನ್ನೂ ಹೇಳಿರಲಿಲ್ಲ. ಹೇಳಬೇಕಾದ ದಿನ ದಾಟಿ ಮೂರು ವಾರವಾಗಿತ್ತು.

"ನೋಡಿ ಶೋಭಾ, ಮೊದಲು ಒಂದು ವರ್ಷ ಮುಂಚೆ ಬಣ್ಣ ಹೇಳ್ತಿದ್ರು. ಈಗ ಅವರ ಅಂಗಡೀಲಿ ಯಾವುದು ಹೋಗುತ್ತೆ ಅಂತ ಕೊನೇ ಗಳಿಗೆವರೆಗೂ ಕಾಯ್ತಾರೆ. ತಡವಾಗಿ ನಿರ್ಧಾರ ಮಾಡಿದಷ್ಟೂ ಅವರಿಗೆ ನಷ್ಟ ಕಮ್ಮಿ. ಅದನ್ನೇ ಅವರು ಸ್ಟ್ರಾಟಜಿ ಅಂತಾರೆ. ಅದಕ್ಕೆ ಬಹುಮಾನ ಕೂಡ ಕೊಡ್ತಾರಂತೆ," ಎಂದು ನಕ್ಕರು.

"ಹಾಗಾದ್ರೆ ಮಾಲು ಹಡಗಿಗೆ ಹಾಕೋ ದಿನ ಮುಂದಕ್ಕೆ ಹೋಗುತ್ತಾ ಸರ್?"

"ಅದು ಹೋಗಲ್ಲ. ಅವರು ತಡ ಮಾಡಿದ ದಿನಗಳನ್ನ ನಾವು ಓಡಿ ತುಂಬಬೇಕು. ಆಗಲ್ಲ ಅಂದ್ರೆ, ಆಗುತ್ತೆ ಅನ್ನೋ ಫ್ಯಾಕ್ಟರಿ ಇನ್ನೊಂದು ದೇಶದಲ್ಲಿ ಕಾಯ್ತಾ ಇರುತ್ತೆ."

ಜುಲೈ ಶುರುವಿನಲ್ಲಿ ಬಣ್ಣ ತಿಳಿಯಿತು. ಹಳದಿ. ಬಟ್ಟೆ ಬಂದು ಕತ್ತರಿಸುವ ಮೇಜು ಹತ್ತುವ ಹೊತ್ತಿಗೆ ತಿಂಗಳು ಅರ್ಧ ಕಳೆದಿತ್ತು. ಆಗಲೇ ವಯನಾಡಿನ ಕಡೆ ಬಿರುಸಿನ ಮಳೆ ಹಿಡಿಯಿತು. ಕಬಿನಿ ತುಂಬಿತು, ಅಣೆಕಟ್ಟಿನ ಬಾಗಿಲು ತೆಗೆದರು. ನಂಜನಗೂಡಿನಲ್ಲಿ ಮಳೆ ಹೆಚ್ಚೇನೂ ಇರಲಿಲ್ಲ. ತೆಳು ಬಿಸಿಲು, ಆಗಾಗ ಜಿನುಗು. ಆದರೂ ಹೊಳೆ ದಿನದಿಂದ ದಿನಕ್ಕೆ ಏರುತ್ತ ಬಂತು. ಮೊದಲು ಸ್ನಾನಘಟ್ಟದ ಮೆಟ್ಟಿಲು ಹೋದವು, ಆಮೇಲೆ ಹದಿನಾರು ಕಾಲು ಮಂಟಪ ಕಂಠದವರೆಗೆ ಮುಳುಗಿತು. ಮೈಸೂರಿನ ರಸ್ತೆಯ ಮೇಲೆ ನೀರು ಹರಿದು ಬಸ್ಸುಗಳನ್ನು ಸುತ್ತುದಾರಿಗೆ ತಿರುಗಿಸಿದರು. ನಾನು ಊರೊಳಗೇ ರೂಮು ಮಾಡಿಕೊಂಡಿದ್ದರಿಂದ ನಡೆದು ಬರಬಹುದಿತ್ತು. ನಮ್ಮ ಹೆಂಗಸರು ಹಾಗೆ ಬರುವಂತಿರಲಿಲ್ಲ. ಹುಲ್ಲಹಳ್ಳಿಯ ಬಸ್ಸು ಎರಡು ದಿನ ಬರಲೇ ಇಲ್ಲ. ಚಿಕ್ಕಯ್ಯನಛತ್ರದ ಕಡೆಯಿಂದ ಬಂದವರು ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ಮಂಡಿಯವರೆಗೆ ಕೆಸರು ಮಾಡಿಕೊಂಡು ಗೇಟಿನ ಒಳಗೆ ಬರುತ್ತಿದ್ದರು. ಬಂದು, ಕೈ ಒರೆಸಿಕೊಂಡು, ಯಾವುದೋ ದೇಶದ ಮಕ್ಕಳು ನೆನೆಯದಿರಲೆಂದು ಹಳದಿ ಕೋಟುಗಳನ್ನು ಹೊಲಿಯುತ್ತಿದ್ದರು. ಅದರಲ್ಲಿ ವಿಚಿತ್ರವೇನೂ ಇದೆಯೆಂದು ಆಗ ಯಾರಿಗೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ.

ನೀರು ಇಳಿದು ಎಲ್ಲರೂ ಕೆಲಸಕ್ಕೆ ಬರುವಷ್ಟರಲ್ಲಿ ಎಂಟು ದಿನ ಕೈತಪ್ಪಿ ಹೋಗಿದ್ದವು. ರಾಜಶೇಖರ್ ಮಾತು ಕಮ್ಮಿ ಮಾಡಿದರು. ಆ ವಾರವೇ ಹೊಲಿಗೆಗೆ ಪಟ್ಟಿ ಅಂಟಿಸುವ ಎರಡು ಮಿಷನ್ನುಗಳು ಹಾಲಿನಿಂದ ಕಾಣೆಯಾದವು. ರಿಪೇರಿಗೆ ಹೋಗಿವೆ ಎಂದರು. ಬೆಳಿಗ್ಗೆ ಒಂದು ಮುಚ್ಚಿದ ವ್ಯಾನು ಹೊರಗೆ ಹೋಗಿ ಸಂಜೆ ವಾಪಸು ಬರತೊಡಗಿತು. ಆಗಸ್ಟ್ ಕೊನೆಯಲ್ಲಿ ಮೊದಲ ಕಂಟೇನರಿನ ಕಾಗದಗಳು ನನ್ನ ಮೇಜಿಗೆ ಬಂದವು. ಅದರಲ್ಲಿ ಒಂದು ಘೋಷಣೆ. 'ಈ ಆರ್ಡರಿನ ಎಲ್ಲ ಉಡುಪುಗಳೂ ಅನುಮೋದಿತ ಕಟ್ಟಡದಲ್ಲಿಯೇ ತಯಾರಾಗಿವೆ' ಎಂಬ ಸಾಲಿನ ಕೆಳಗೆ ಎರಡು ಸಹಿ ಬೇಕು, ಮ್ಯಾನೇಜರರದು ಮತ್ತು ವೆಲ್‌ಫೇರ್ ಆಫೀಸರರದು. ಮ್ಯಾನೇಜರರ ಸಹಿ ಆಗಿತ್ತು. ಹಾಜರಾತಿಯ ಪುಸ್ತಕ ತೆಗೆದು ನೋಡಿದೆ. ಹಾಜರಿದ್ದ ಕೈಗಳು ಅಷ್ಟು ಕೋಟು ಹೊಲಿದಿರುವುದು ಸಾಧ್ಯವೇ ಇರಲಿಲ್ಲ.

ಕಾಗದ ಹಿಡಿದು ಅವರ ಕೋಣೆಗೆ ಹೋದೆ. ಅವರು ಸುಳ್ಳು ಹೇಳಲಿಲ್ಲ.

"ನರಸೀಪುರದಲ್ಲಿ ಒಂದು ಹಳೇ ರೈಸ್ ಮಿಲ್ ಇದೆ. ಅಲ್ಲಿ ಮೂವತ್ತು ಮಿಷನ್ ಹಾಕ್ಸಿದೀನಿ. ಎಲ್ಲ ನಮ್ಮಲ್ಲೇ ಕೆಲಸ ಕಲಿತು ಬಿಟ್ಟು ಹೋದ ಹೆಂಗಸರು. ಕೆಲಸ ಚೆನ್ನಾಗಿದೆ."

"ಅದು ಕಂಪನಿಗೆ ಗೊತ್ತಾದ್ರೆ?"

"ಗೊತ್ತಾದ್ರೆ ಆರ್ಡರ್ ಹೋಗುತ್ತೆ. ಹಡಗು ತಪ್ಪಿದ್ರೂ ಆರ್ಡರ್ ಹೋಗುತ್ತೆ. ನಾನು ಯಾವುದನ್ನ ಆರಿಸ್ಕೊಳ್ಳಲಿ ಹೇಳಿ."

ಸೋಮವಾರದವರೆಗೆ ಸಮಯ ಕೇಳಿದೆ. ಆಗಲಿ ಎಂದರು. ಹೋಗಿ ನೋಡಿ ಎಂದು ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ನರಸೀಪುರದ ಬಸ್ಸು ಹತ್ತಿದೆ. ನೆರೆ ಇಳಿದ ಗದ್ದೆಗಳಲ್ಲಿ ಕೆಮ್ಮಣ್ಣು ಕೂತಿತ್ತು. ಕೆಲವರು ಎರಡನೇ ಸಲ ನಾಟಿ ಮಾಡುತ್ತಿದ್ದರು. ಮಿಲ್ಲು ಪೇಟೆಯಿಂದ ಸ್ವಲ್ಪ ಆಚೆ, ಎತ್ತರದ ಜಾಗದಲ್ಲಿತ್ತು, ಭಾನುವಾರವೂ ಕೆಲಸ ನಡೆದಿತ್ತು. ಹೊರಗೆ ಭತ್ತ ಒಣಗಿಸುತ್ತಿದ್ದ ಸಿಮೆಂಟಿನ ಕಣದ ಅಂಚಿನಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬಳು ಮಂಡಿಯ ಮೇಲೆ ತಲೆಯಿಟ್ಟು ಕೂತಿದ್ದಳು. ವಾಂತಿ ಮಾಡಿಕೊಂಡಿದ್ದಳು. ಇನ್ನೊಬ್ಬ ಹೆಂಗಸು ಅವಳ ಬೆನ್ನು ನೀವುತ್ತಿದ್ದಳು. ಆ ಹೆಂಗಸನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು. ಸಾಕಮ್ಮ. ನಾನು ಸೇರಿದ ಹೊಸತರಲ್ಲಿ ನಮ್ಮ ಫ್ಯಾಕ್ಟರಿಯಲ್ಲೇ ಇದ್ದವಳು, ಪಟ್ಟಿ ಅಂಟಿಸುವುದರಲ್ಲಿ ಅವಳ ಕೈಯನ್ನು ಮೀರಿಸುವವರು ಇರಲಿಲ್ಲ. ನರಸೀಪುರದ ಹತ್ತಿರದ ಹೆಮ್ಮಿಗೆಯವಳು. ಎರಡು ತಿಂಗಳ ನಂತರ ಇದ್ದಕ್ಕಿದ್ದಂತೆ ಕೆಲಸ ಬಿಟ್ಟಿದ್ದಳು.

"ಅಯ್ಯೋ, ಶೋಭಾ ಮೇಡಂ! ಇಲ್ಲಿಗೆಲ್ಲಿ ಬಂದ್ರಿ?" ಎಂದು ಎದ್ದು ನಿಂತಳು.

"ಇವಳಿಗೆ ಏನಾಯ್ತು?"

"ಪಟ್ಟಿ ಅಂಟ್ಸೋ ಒಗೆ ಕಣ್ ಮೇಡಂ. ಒಸಿ ಗಾಳಿ ಕುಡುದ್ರೆ ಸರ್ಯಾಯ್ತಳೆ. ದಿನಾ ಯಾರಾರ ಒಬ್ರು ಇಂಗೆ ಬಂದು ಕೂತ್ಕತಾರೆ."

ಒಳಗೆ ಹೋದೆ. ಉದ್ದನೆಯ ಹಾಲು, ಎತ್ತರದ ತಗಡಿನ ಮಾಡು. ಹಳೇ ಭತ್ತದ ಧೂಳು ತೊಲೆಗಳ ಮೇಲೆ ಇನ್ನೂ ಕೂತಿತ್ತು. ಬಟ್ಟೆಗೆ ಎರಚಲು ಬಡಿಯಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿ ಪ್ಲಾಸ್ಟಿಕ್ ಹಾಳೆ ಹೊಡೆದಿದ್ದರು. ಕಾಣೆಯಾಗಿದ್ದ ಎರಡು ಮಿಷನ್ನುಗಳು ಹಿಂದಿನ ಮೂಲೆಯಲ್ಲಿದ್ದವು. ಬಿಸಿಗಾಳಿಯಲ್ಲಿ ಪಟ್ಟಿ ಕರಗಿ ಅಂಟುವಾಗ ಏಳುವ ಹೊಗೆ ಅಲ್ಲೇ ಸುತ್ತುತ್ತಿತ್ತು. ನನಗೆ ಐದು ನಿಮಿಷದಲ್ಲಿ ತಲೆ ಹಿಡಿದುಕೊಂಡಿತು. ಹಿಂದೆ ಒಂದು ಬಾಗಿಲಿತ್ತು. ಅದರ ಮುಂದೆ ನನ್ನ ತಲೆಗಿಂತ ಎತ್ತರಕ್ಕೆ ಬಟ್ಟೆಯ ಪೆಟ್ಟಿಗೆಗಳನ್ನು ಜೋಡಿಸಿದ್ದರು. ಒಳಗೆ ಬರಲೂ ಹೊರಗೆ ಹೋಗಲೂ ಇದ್ದದ್ದು ನಾನು ಬಂದ ಬಾಗಿಲು ಮಾತ್ರ. ಮೂವತ್ತು ಜನ, ಕರಗುವ ಅಂಟು, ಎಳೆದ ವಯರುಗಳು, ಒಂದು ಬಾಗಿಲು. ನಿಯಮಾವಳಿಯ ಎರಡು ಪುಟ ನನಗೆ ಆ ಕ್ಷಣದಲ್ಲಿ ಅರ್ಥವಾಯಿತು.

ಮಧ್ಯಾಹ್ನದ ಊಟಕ್ಕೆ ಸಾಕಮ್ಮ ನನ್ನನ್ನು ಹೊರಗೆ ಕಣದ ಮೇಲೆ ಕೂರಿಸಿ ತನ್ನ ಡಬ್ಬಿಯಿಂದ ಅರ್ಧ ರೊಟ್ಟಿ, ಹುರುಳಿಕಾಳಿನ ಗೊಜ್ಜು ಕೊಟ್ಟಳು. ಅವಳ ಅತ್ತೆಗೆ ಲಕ್ವ ಹೊಡೆದಿತ್ತು.

"ನಂಜನಗೂಡ್ಗೆ ಓಗಿ ಬರೋದ್ರಲ್ಲೇ ದಿನ್ದಲ್ಲಿ ನಾಕ್ ಗಂಟೆ ಬಸ್ಸಲ್ಲೇ ಕಳ್ದೋಯ್ತಿತ್ತು. ಆ ಮುದುಕಿಗೆ ನೀರ್ ಕೊಡೋರಿಲ್ಲ. ಇಲ್ಲಾದ್ರೆ ಮದ್ಯಾನ ಒಂದ್ ಗಳ್ಗೆ ಓಗಿ ಮಗ್ಲು ಬದ್ಲಾಯ್ಸಿ ಬತ್ತೀನಿ. ಇಲ್ಲಿರೋರೆಲ್ಲಾ ಇಂಗೆಯ. ಒಬ್ಬಳ್ಗೆ ಕೂಸು, ಒಬ್ಬಳ್ಗೆ ಇನ್ನೊಂದು."

"ಸಾಕಮ್ಮ, ಇಲ್ಲಿ ಬೆಂಕಿ ಬಿದ್ದರೆ?"

"ಗೊತ್ತು ಮೇಡಂ. ನಮಗೇನ್ ಕಣ್ಣಿಲ್ವ?" ಎಂದಳು. ಡಬ್ಬಿಯ ಮುಚ್ಚಳ ಒತ್ತುತ್ತ, "ನೀವು ಬರ್ಕಂಡು ಓಗಕೆ ಬಂದಿದೀರಿ ಅಂತ ಗೊತ್ತಾಯ್ತು. ನೀವು ಬರುದ್ರೆ ಇದ್ನ ಮುಚ್ತಾರೆ. ಆ ಹಿಂದ್ಲು ಬಾಗ್ಲ ತೆಗ್ಯಲ್ಲ, ಇಡೀ ಮಿಲ್ಲನ್ನೇ ಮುಚ್ತಾರೆ. ಅದ್ನ ಒಸಿ ಯೋಚ್ನೆ ಮಾಡಿ," ಎಂದಳು.

ವಾಪಸು ಬರುವ ಬಸ್ಸಿನಲ್ಲಿ ಉದ್ದಕ್ಕೂ ಅದನ್ನೇ ಯೋಚಿಸಿದೆ. ಓದಿದ ಪುಸ್ತಕಗಳಲ್ಲಿ ಸರಿ ಒಂದು ಕಡೆ, ತಪ್ಪು ಒಂದು ಕಡೆ ಇರುತ್ತಿತ್ತು. ಇಲ್ಲಿ ನಾನು ಸಹಿ ಹಾಕಿದರೆ ಆ ಹುಡುಗಿ ವಾಂತಿ ಮಾಡುತ್ತಲೇ ಇರುತ್ತಾಳೆ, ಒಂದು ದಿನ ಇನ್ನೂ ಕೆಟ್ಟದ್ದೂ ಆಗಬಹುದು. ಹಾಕದಿದ್ದರೆ ಸಾಕಮ್ಮನ ಕೆಲಸ ಹೋಗುತ್ತದೆ. ಹೋದ ಮೇಲೆ ಆ ಕಂಪನಿಯವರು ತಮ್ಮ ಕಡತದಲ್ಲಿ ಒಂದು ತಪ್ಪನ್ನು ಪತ್ತೆಹಚ್ಚಿದೆವೆಂದು ಬರೆದುಕೊಂಡು ನೆಮ್ಮದಿಯಾಗಿರುತ್ತಾರೆ.

ಸೋಮವಾರ ರಾಜಶೇಖರರಿಗೆ ಹೇಳಿದೆ. "ಸರ್, ಸಹಿಯ ಮಾತು ಆಮೇಲೆ. ಮೊದಲು ಆ ಹಿಂದಿನ ಬಾಗಿಲು ತೆಗೆಸಿ. ಕಿಟಕಿ ತೆಗೆಸಿ."

"ಬಾಗಿಲಿಗೆ ಏನು ಅಡ್ಡ ಇದೆ?" ಎಂದರು. ಅವರ ಮುಖ ನೋಡಿದರೆ ನಿಜವಾಗಿಯೂ ಗೊತ್ತಿರಲಿಲ್ಲ. ಮಿಷನ್ ಹಾಕಿಸಿದ ದಿನ ಬಿಟ್ಟರೆ ಅವರು ಅಲ್ಲಿಗೆ ಹೋಗಿಯೇ ಇರಲಿಲ್ಲ. ನೋಡಬಾರದೆಂದೇ ಹೋಗಿರಲಿಲ್ಲವೇನೋ. ನಾನು ಹೇಳಿದ್ದನ್ನು ಕೇಳಿ ಕುರ್ಚಿಯಿಂದ ಎದ್ದು, "ನಡೀರಿ" ಎಂದರು. ಅವರ ಕಾರಿನಲ್ಲೇ ಹೋದೆವು. ಒಳಗೆ ಹೋದವರೇ ಶರ್ಟಿನ ತೋಳು ಮಡಿಸಿ ಪೆಟ್ಟಿಗೆ ಎಳೆಯತೊಡಗಿದರು. ಹೆಂಗಸರು ಮಿಷನ್ ನಿಲ್ಲಿಸಿ ನೋಡಿದರು, ಆಮೇಲೆ ಬಂದು ಕೈ ಹಾಕಿದರು. ಒಂದು ಗಂಟೆಯಲ್ಲಿ ಬಾಗಿಲು ಬಯಲಾಯಿತು. ಅಗಳಿ ತುಕ್ಕು ಹಿಡಿದಿತ್ತು, ಸುತ್ತಿಗೆಯಿಂದ ಹೊಡೆದು ಬಿಡಿಸಬೇಕಾಯಿತು. ಹೊರಗಿನ ಗಾಳಿ ನೇರ ಹಾಲಿನುದ್ದಕ್ಕೂ ಬೀಸಿತು. ಪ್ಲಾಸ್ಟಿಕ್ ಹಾಳೆಗಳು ಪಟಪಟ ಎಂದವು. ಅವರು ಪಟ್ಟಿಯ ಮಿಷನ್ನುಗಳನ್ನು ಬಾಗಿಲ ಬಳಿಗೆ ಸರಿಸಿ, ಹೊಗೆ ಎಳೆಯುವ ಎರಡು ದೊಡ್ಡ ಫ್ಯಾನುಗಳನ್ನು ಅವತ್ತೇ ತರಿಸಿದರು.

ಬರುವಾಗ ದಾರಿಯಲ್ಲಿ ಕಾರು ನಿಲ್ಲಿಸಿದರು.

"ಬೆಂಗಳೂರಿನಲ್ಲಿ ನಾನು ಕಲಿತ ಶೆಡ್ಡೂ ಹೀಗೇ ಇತ್ತು. ನಾನು ಮೇಲೆ ಬಂದ್ರೆ ಇಂಥದ್ದು ಇರಬಾರದು ಅಂದ್ಕೊಂಡಿದ್ದೆ," ಎಂದರು. ಆಮೇಲೆ, "ಸರಿ, ಕಂಪನಿಗೆ ನಾವೇ ಬರೆಯೋಣ. ಆದ್ರೆ ನಮ್ಮ ತಪ್ಪು ಮಾತ್ರ ಬರೆಯೋದು ಬೇಡ. ಬಣ್ಣ ಯಾವ ದಿನ ಹೇಳಬೇಕಿತ್ತು, ಯಾವ ದಿನ ಹೇಳಿದ್ರು, ಅದನ್ನೂ ಬರೆಯಿರಿ," ಎಂದರು.

ಆ ಪತ್ರ ಬರೆಯಲು ಎರಡು ದಿನ ಹಿಡಿಯಿತು. ಕಂಪನಿಯ ಫಾರಂನಲ್ಲಿ ಫ್ಯಾಕ್ಟರಿಯ ತಪ್ಪುಗಳಿಗೆ ಹನ್ನೆರಡು ಕಾಲಂ ಇದ್ದವು. ಕೊಳ್ಳುವವರ ತಡಕ್ಕೆ ಕಾಲಂ ಇರಲಿಲ್ಲ. ನಾವು ಫಾರಂ ಬಿಟ್ಟು ಬಿಳಿ ಹಾಳೆಯಲ್ಲೇ ಬರೆದೆವು. ಹೊಳೆ ಏರಿದ್ದು, ಬಸ್ಸು ನಿಂತದ್ದು, ಮಿಲ್ಲು, ಮುಚ್ಚಿದ ಬಾಗಿಲು, ತೆಗೆದ ಬಾಗಿಲು, ಎಲ್ಲ. ಕೊನೆಗೆ ಆ ಮಿಲ್ಲನ್ನು ಮುಚ್ಚಿಸುವ ಬದಲು ಪರೀಕ್ಷಿಸಿ ಒಪ್ಪಿಗೆ ಕೊಡಬೇಕೆಂದು ಕೋರಿಕೆ. ಇಬ್ಬರೂ ಸಹಿ ಹಾಕಿದೆವು. ಆ ಘೋಷಣೆಯ ಕಾಗದವನ್ನು ಅವರು ಹರಿದು ಕಸದ ಬುಟ್ಟಿಗೆ ಹಾಕಿದರು.

ಶುಕ್ರವಾರ ಆ ಕಂಪನಿಯ ಬೆಂಗಳೂರು ಕಚೇರಿಯಿಂದ ಮೀರಾ ಎಂಬವರು ಬಂದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಮೆದು ಮಾತು, ಕೈಯಲ್ಲಿ ಟ್ಯಾಬ್. ಮಿಲ್ಲಿನ ಪ್ರತಿ ಮೂಲೆಯ ಫೋಟೋ ತೆಗೆದರು. ಆಮೇಲೆ ನನ್ನನ್ನೂ ರಾಜಶೇಖರರನ್ನೂ ಹೊರಗೆ ನಿಲ್ಲಿಸಿ ಹೆಂಗಸರ ಜೊತೆ ಮಾತಾಡಬೇಕೆಂದರು. ಸಾಕಮ್ಮ, "ಅವ್ರೂ ಇರ್ಲಿ ಬುಡಿ, ಗುಟ್ಟೇನಿಲ್ಲ" ಎಂದಳು. ಎಲ್ಲರೂ ಕಣದ ಮೇಲೆ ಕೂತೆವು. ಮೀರಾ ಕೇಳಿದ್ದಕ್ಕೆಲ್ಲ ಅವರು ಇದ್ದದ್ದು ಇದ್ದಂತೆ ಉತ್ತರ ಕೊಟ್ಟರು. ಕೊನೆಗೆ ನಿಮ್ಮದೇನಾದರೂ ಪ್ರಶ್ನೆ ಇದೆಯೇ ಎಂದು ಮೀರಾ ಕೇಳಿದರು. ಅದು ಅವರ ಪ್ರಶ್ನೆಗಳ ಪಟ್ಟಿಯ ಕೊನೆಯ ಸಾಲಿರಬೇಕು.

ಸಾಕಮ್ಮ ಕೇಳಿದಳು. "ಈ ಕೋಟ್ನ ಆ ಮಕ್ಳು ಯಾವಾಗ ಆಕತವೆ ಮೇಡಂ?"

"ಅಲ್ಲಿ ಮಳೆಗಾಲ ಅಂದ್ರೆ... ಅಂಗಡಿಗೆ ಹೋಗೋದು ಮಾರ್ಚ್‌ನಲ್ಲಿ."

"ಮಾರ್ಚಾ? ಇನ್ನೂ ಆರ್ ತಿಂಗ್ಳದೆ."

"ಹೌದು. ಮೊದಲು ಗೋಡೌನ್‌ಗೆ ಹೋಗುತ್ತೆ, ಅಲ್ಲಿಂದ..."

"ಅಂಗಾರೆ ಎಂಟ್ ದಿನ ತಡ ಆದ್ರೆ ಯಾವ್ ಮಗ ನೆನ್ಯತ್ತೆ?"

ಅವಳ ದನಿಯಲ್ಲಿ ಕೊಂಕೇನೂ ಇರಲಿಲ್ಲ. ತಿಳಿದುಕೊಳ್ಳಲು ಕೇಳಿದ್ದಳು. ಮೀರಾ ಟ್ಯಾಬಿನ ಮೇಲಿಂದ ಬೆರಳು ತೆಗೆದರು. "ನನಗೆ ಗೊತ್ತಿಲ್ಲ ಸಾಕಮ್ಮ. ಅಲ್ಲಿ ಕೇಳ್ತೀನಿ," ಎಂದರು. ಕೇಳಿದರು ಕೂಡ. ಮೂರು ದಿನದ ನಂತರ ಬಂದ ಉತ್ತರದಲ್ಲಿ ಈ ಕಂಟೇನರು ಹತ್ತು ದಿನ ತಡವಾಗಿ ಹೋಗಬಹುದೆಂದು ಇತ್ತು. ಆ ಹತ್ತು ದಿನ ಕೊಡುವುದು ಅಷ್ಟು ಸುಲಭವಿತ್ತೆಂದು ತಿಳಿದಾಗ ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಉಳಿದದ್ದೆಲ್ಲ ಸಾಕಮ್ಮ ಹೇಳಿದಂತೆಯೇ ಆಯಿತು. ಒಪ್ಪಿಗೆ ಸಿಗುವವರೆಗೆ ಮಿಲ್ಲಿನ ಕೆಲಸ ನಿಲ್ಲಿಸಬೇಕೆಂದು ಅದೇ ಪತ್ರದಲ್ಲಿತ್ತು. ಮುಂದಿನ ಋತುವಿನ ಆರ್ಡರು ಅರ್ಧವಾಯಿತು. ನಂಜನಗೂಡಿನ ಹಾಲಿನಲ್ಲೂ ಒಂದು ಸಾಲಿನ ಮಿಷನ್ನುಗಳಿಗೆ ಬಟ್ಟೆ ಹೊದಿಸಿದರು. ಯಾರಿಂದ ಹೀಗಾಯಿತೆಂಬುದು ಕ್ಯಾಂಟೀನಿನಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನು ತಟ್ಟೆ ಹಿಡಿದು ಕೂತ ಬೆಂಚಿನಿಂದ ಜನ ಒಬ್ಬೊಬ್ಬರೇ ಎದ್ದು ಹೋಗುತ್ತಿದ್ದರು. ಬೆಂಗಳೂರಿನಲ್ಲಿದ್ದ ಮಾಲೀಕರು ರಾಜಶೇಖರರನ್ನು ಕರೆಸಿ ಎರಡು ಗಂಟೆ ಕೂರಿಸಿಕೊಂಡರು. ಅಲ್ಲಿ ಏನು ನಡೆಯಿತೆಂದು ಅವರು ನನಗೆ ಹೇಳಲಿಲ್ಲ. ನನ್ನ ಕರಾರನ್ನು ಮುಂದುವರಿಸುವುದಿಲ್ಲವೆಂದು ಮಾತ್ರ, ತಲೆ ತಗ್ಗಿಸಿಕೊಂಡು ಹೇಳಿದರು.

ದಸರೆ ಕಳೆದ ಮೇಲೆ ಒಂದು ದಿನ ತಡೆಯಲಾರದೆ ಹೆಮ್ಮಿಗೆಗೆ ಹೋದೆ. ಸಾಕಮ್ಮನ ಮನೆಯಲ್ಲಿ ಅತ್ತೆ ಒಬ್ಬರೇ ಮಲಗಿದ್ದರು, ತಲೆಯ ಮೇಲಿನ ಗೋಡೆಯಲ್ಲಿ ಬುದ್ಧನ ಪಟ. ಕಣ್ಣಿನಿಂದಲೇ ಗದ್ದೆಯ ಕಡೆ ತೋರಿಸಿದರು. ಸಾಕಮ್ಮ ಯಾರದೋ ಗದ್ದೆಯಲ್ಲಿ ಐದಾರು ಜನರ ಜೊತೆ ಕಳೆ ಕೀಳುತ್ತಿದ್ದಳು. ನನ್ನನ್ನು ನೋಡಿದಳು. ಆದರೆ ಹಿಡಿದ ಸಾಲು ಮುಗಿಯುವವರೆಗೆ ಎದ್ದು ಬರಲಿಲ್ಲ. ನಾನು ಬದುವಿನ ಮೇಲೆ ನಿಂತೇ ಇದ್ದೆ. ಮುಗಿದ ಮೇಲೆ ಕಾಲುವೆಯಲ್ಲಿ ಕೈ ತೊಳೆದು ಬಂದಳು.

"ನಿನಗೆ ನನ್ನ ಮೇಲೆ ಕೋಪ ಇದೆ," ಎಂದೆ.

"ಅದೆ," ಎಂದಳು. "ನೀವು ಮಾಡಿದ್ದು ಸರೀನೋ ತಪ್ಪೋ ನಂಗೊತ್ತಿಲ್ಲ ಮೇಡಂ. ಆ ಬಾಗ್ಲು ತೆಗ್ಸುದ್ರಿ, ಅದು ಒಳ್ಳೇದೇಯ. ಆದ್ರೆ ಕಾಗ್ದ ಬರೆಯೋವಾಗ ನೀವು ಇಬ್ರೇ ಕೂತ್ಕಂಡು ಬರುದ್ರಿ. ನಾವು ಮೂವತ್ ಜನ ಇದ್ವಿ. ಇಂಗ್ ಬರೀತೀವಿ ಕಣ್ರಮ್ಮ, ನಿಮ್ ಕೆಲ್ಸ ಒಸಿ ದಿನ ನಿಂತೋಗ್ಬೌದು, ತಡ್ಕತೀರಾ ಅಂತ ಒಂದ್ ಮಾತು ಕೇಳುದ್ರಾ?"

ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದಿರಲೂ ಇಲ್ಲ. ಆ ವಿದೇಶಿ ಕಂಪನಿ ನಮ್ಮನ್ನು ಕೇಳದೆ ದಿನ ಗೊತ್ತುಮಾಡುತ್ತದೆಂದು ಪತ್ರದಲ್ಲಿ ಅರ್ಧ ಪುಟ ದೂರು ಬರೆದವಳು ನಾನು.

"ಕೇಳಿದ್ರೆ ಏನು ಅಂತಿದ್ರಿ?" ಎಂದೆ.

"ಅದ್ನ ಈಗ ಯೋಳಿ ಏನ್ ಬಂತು. ತಡ್ಕತೀವಿ ಅಂತಿದ್ವೇನೋ," ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಬನ್ನಿ, ಮನೇಲಿ ಕಾಫಿ ಕುಡ್ಕಂಡು ಓಗಿ."

ಮಿಲ್ಲಿನ ಒಪ್ಪಿಗೆಗೆ ರಾಜಶೇಖರ್ ಪಟ್ಟು ಬಿಡದೆ ಓಡಾಡಿದರು. ಮೀರಾ ಕೂಡ ತಮ್ಮ ಕಡೆಯಿಂದ ಸಹಾಯ ಮಾಡಿದರು. ಡಿಸೆಂಬರಿನಲ್ಲಿ ಸುಧಾರಣೆಯ ಯೋಜನೆಯೊಂದನ್ನು ಬರೆದು ಕಳಿಸಬೇಕಾಗಿ ಬಂತು. ಎರಡನೇ ಶೌಚಾಲಯ, ಹೊಸ ವಯರಿಂಗು, ಹೊಗೆಯ ಕೊಳವೆ ಎಂದು ಪಟ್ಟಿ ಸಿದ್ಧವಾಯಿತು. ಈ ಸಲ ನಾನು ಅದನ್ನು ಹಿಡಿದುಕೊಂಡು ನರಸೀಪುರಕ್ಕೆ ಹೋದೆ, ರಾಜಶೇಖರರನ್ನೂ ಕರೆದುಕೊಂಡು ಹೋದೆ. ಸಾಕಮ್ಮ ಹೇಳಿಕಳಿಸಿ ಇಪ್ಪತ್ತೆರಡು ಜನರನ್ನು ಸೇರಿಸಿದ್ದಳು. ಉಳಿದವರು ಆಗಲೇ ಬೇರೆ ಕಡೆ ಕೆಲಸಕ್ಕೆ ಹೊರಟುಹೋಗಿದ್ದರು. ವಾಂತಿ ಮಾಡಿಕೊಂಡಿದ್ದ ಆ ಹುಡುಗಿಯೂ ಬಂದಿರಲಿಲ್ಲ. ಯೋಜನೆಯನ್ನು ಕಣದ ಮೇಲೆ ನಿಂತು ಒಂದೊಂದೇ ಸಾಲು ಓದಿದೆ. ಶೌಚಾಲಯಕ್ಕೆ ಒಳಗಿನಿಂದ ಚಿಲಕ ಬೇಕೆಂದರು, ಬರೆದುಕೊಂಡೆ. ಇನ್ನೇನಾದರೂ ಇದೆಯೇ ಎಂದೆ. ತಮ್ಮ ತಮ್ಮಲ್ಲೇ ಗುಸುಗುಸು ಮಾಡಿ ಸಾಕಮ್ಮನನ್ನು ಮುಂದೆ ತಳ್ಳಿದರು.

"ಒಂದದೆ ಸಾ," ಎಂದು ಅವಳು ರಾಜಶೇಖರರ ಕಡೆ ತಿರುಗಿದಳು. "ಮುಂದಿನ್ ವಾರ ಕೆಲ್ಸ ಅದೆಯೋ ಇಲ್ವೋ, ಎಷ್ಟೊತ್ತಿನವರ್ಗೆ ಇರ್ಬೇಕು, ಅದ್ನ ಹಿಂದಿನ್ ವಾರವೇ ಯೋಳ್ಬುಡಿ. ಇದ್ರೆ ಬತ್ತೀವಿ. ಇಲ್ದಿದ್ರೆ ಗದ್ದೆ ಕೆಲ್ಸ ಒಪ್ಕತೀವಿ. ಬೆಳಿಗ್ಗೆ ಬಂದು ಬಾಗ್ಲಲ್ಲಿ ನಿಂತ್ಕಂಡು ಇವತ್ತಿಲ್ಲ ಓಗಿ ಅನ್ನುಸ್ಕಳದು ಬ್ಯಾಡ."

ರಾಜಶೇಖರ್ ಕತ್ತಿನ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದರು. ತಮಗೇ ಯಾರೂ ಮುಂಚಿತವಾಗಿ ಹೇಳದಿದ್ದನ್ನು ಇವರಿಗೆ ಹೇಗೆ ಮುಂಚಿತವಾಗಿ ಹೇಳುವುದೆಂದು ಲೆಕ್ಕ ಹಾಕುತ್ತಿದ್ದರೆಂದು ಕಾಣುತ್ತದೆ. ಕೊನೆಗೆ, "ಬರೀರಿ ಶೋಭಾ," ಎಂದರು. "ಕಷ್ಟ ಆಗುತ್ತೆ. ಆದ್ರೂ ಬರೀರಿ."

ಸಂಕ್ರಾಂತಿ ಕಳೆದು ಮಿಲ್ಲು ಮತ್ತೆ ತೆರೆಯಿತು. ಇಪ್ಪತ್ತೆರಡು ಮಿಷನ್ನುಗಳು, ಇಪ್ಪತ್ತೆರಡು ಜನ. ಅಂದಿನಿಂದ ಪ್ರತಿ ಶನಿವಾರ ಮಧ್ಯಾಹ್ನ ರಾಜಶೇಖರ್ ನಂಜನಗೂಡಿನಿಂದ ತಾವೇ ಬಂದು, ಒಳಗಿನ ಗೋಡೆಯ ಮೇಲೆ ಕಪ್ಪು ಬಣ್ಣ ಬಳಿದ ಜಾಗದಲ್ಲಿ ಮುಂದಿನ ವಾರದ ಕೆಲಸವನ್ನು ಸೀಮೆಸುಣ್ಣದಿಂದ ಬರೆಯುತ್ತಿದ್ದರು. ಯಾರನ್ನಾದರೂ ಕಳಿಸಬಹುದಿತ್ತು, ಕಳಿಸುತ್ತಿರಲಿಲ್ಲ. ಒಮ್ಮೆ ಬರೆದ ಮೇಲೆ ಅದನ್ನು ಬದಲಾಯಿಸಬಾರದೆಂದು ನಂಜನಗೂಡಿನಲ್ಲಿ ಎಷ್ಟು ಜಗಳವಾಡುತ್ತಿದ್ದರೆಂಬುದು ನನಗೆ ಗೊತ್ತಿತ್ತು.

ನನ್ನ ಕೆಲಸದ ಕೊನೆಯ ಶನಿವಾರ ನಾನೂ ಅಲ್ಲಿದ್ದೆ. ಮಾರ್ಚಿನ ಬಿಸಿಲು. ಹೆಂಗಸರು ಮಿಷನ್ ನಿಲ್ಲಿಸಿ ಗೋಡೆಯ ಕಡೆ ತಿರುಗಿ ಕೂತರು. ರಾಜಶೇಖರ್ ಸೋಮವಾರ ಎಂದು ಬರೆದು ಪಕ್ಕದಲ್ಲಿ 'ಇಲ್ಲ' ಎಂದು ಬರೆದರು. ಮಂಗಳವಾರ, ಇಲ್ಲ. ಬುಧವಾರ, ಇಲ್ಲ. ಶನಿವಾರದವರೆಗೂ ಹಾಗೇ ಬರೆದರು. ವಿದೇಶದಲ್ಲಿ ಮತ್ತೆ ಯಾವುದೋ ಬಣ್ಣ ತೀರ್ಮಾನವಾಗಿರಲಿಲ್ಲ. ಬರೆದು ಮುಗಿಸಿದ ಮೇಲೆ ಅವರು ಗೋಡೆಯ ಕಡೆಗೇ ಮುಖ ಮಾಡಿ ನಿಂತಿದ್ದರು. ತಿರುಗಲು ಅವರಿಗೆ ಮನಸ್ಸಾಗಲಿಲ್ಲ.

ಸಾಕಮ್ಮ ಎದ್ದು ನಿಂತು ಸೆರಗು ಸಿಕ್ಕಿಸಿಕೊಂಡಳು.

"ಸರಿ ಬುಡಿ ಸಾ, ಗೊತ್ತಾಯ್ತಲ್ಲ," ಎಂದಳು. "ಕಬ್ಬು ಕಡ್ಯೋದದೆ, ಅದ್ನ ಒಪ್ಕತೀವಿ. ಬರೋ ಶನಿವಾರ ಬಂದು ಓದ್ಕಂಡು ಓಯ್ತೀವಿ."